ಕಾಲು ಸುಮ್ಮನಾದ ದಿನ

ಮಲಪ್ರಭೆಯ ದಂಡೆಯ ಮೇಲಿನ ಆ ಆಶ್ರಮದಲ್ಲಿ ಫಕೀರೇಶನಷ್ಟು ಚಡಪಡಿಸುವ ಸಾಧಕ ಇನ್ನೊಬ್ಬನಿರಲಿಲ್ಲ. ಉಳಿದವರು ಕಣ್ಣು ಮುಚ್ಚಿದರೆ ಲೋಕ ಮರೆಯುತ್ತಿದ್ದರು. ಇವನು ಕಣ್ಣು ಮುಚ್ಚಿದ ಕೂಡಲೇ ಎಡಗಾಲು ಎಚ್ಚರಾಗುತ್ತಿತ್ತು.

ಸೊಂಟದ ಕೆಳಗೆ ಶುರುವಾದ ಉರಿ ತೊಡೆಯ ಹಿಂಭಾಗದಿಂದ ಮೀನಖಂಡಕ್ಕೆ ಇಳಿದು ಹೆಬ್ಬೆರಳನ್ನು ಮುಟ್ಟುತ್ತಿತ್ತು. ಬಲಕ್ಕೆ ವಾಲಿದರೂ ಅಷ್ಟೇ, ಎಡಕ್ಕೆ ವಾಲಿದರೂ ಅಷ್ಟೇ. ಇವನ ಹೊರಳಾಟದಲ್ಲಿ ಅಕ್ಕಪಕ್ಕದವರ ಜಪವೂ ಕೆಡುತ್ತಿತ್ತು, ಪಾಪ.

ಆಶ್ರಮಕ್ಕೆ ಒಂದು ಕಟ್ಟಳೆ ಇತ್ತು. ದೀಕ್ಷೆ ಬೇಡುವವರು ಕಾರ್ತಿಕ ಹುಣ್ಣಿಮೆಯ ದಿನ ಹೊತ್ತು ಹುಟ್ಟುವಾಗ ಕೂರಬೇಕು. ಗುರುಗಳು ಕರೆದು ಕಿವಿಯಲ್ಲಿ ಮಂತ್ರ ಹೇಳುವವರೆಗೆ ಏಳುವ ಹಾಗಿಲ್ಲ. ಎದ್ದವನು ಮತ್ತೊಂದು ವರ್ಷ ಕಾಯಬೇಕು. ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರು ಕರೆಯುವುದು ಎರಡು ತಾಸಿಗೋ, ಮೂರು ತಾಸಿಗೋ, ಅದು ಅವರ ಮರ್ಜಿ.

ಫಕೀರೇಶ ಹಿಂದಿನ ಎರಡು ವರ್ಷವೂ ನಡುವೆ ಎದ್ದುಬಿಟ್ಟಿದ್ದ. ವಯಸ್ಸು ನಲವತ್ತು ದಾಟಿತ್ತು. ಈ ಸಲವೂ ಎದ್ದರೆ ಹತ್ತು ಜನರಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ನೋವಿಗಿಂತ ಹೆಚ್ಚು ಅವನನ್ನು ತಿನ್ನುತ್ತಿತ್ತು.

ಅದಕ್ಕೇ ಹಲ್ಲು ಕಚ್ಚಿ ಕೂರುವ ಅಭ್ಯಾಸಕ್ಕೆ ಬಿದ್ದ. ಈ ದೇಹ ನಾನಲ್ಲ, ಈ ದೇಹ ನಾನಲ್ಲ ಎನ್ನುತ್ತಾ ದಿನಕ್ಕೆ ನಾಲ್ಕು ತಾಸು, ಐದು ತಾಸು. ಯಾರು ಬೇಡ ಅಂದರೂ ಕೇಳಲಿಲ್ಲ. ಹಟಮಾರಿ ಮನುಷ್ಯ.

ಶ್ರಾವಣದ ಒಂದು ಮುಂಜಾನೆ ನೋವು ನಿಂತುಹೋಯಿತು. ಉರಿಯಿಲ್ಲ, ಸೆಳೆತವಿಲ್ಲ, ಪಾದದಲ್ಲಿ ಏನೆಂದರೆ ಏನೂ ಇಲ್ಲ. ಫಕೀರೇಶ ಹಿಗ್ಗಿ ಹೀರೇಕಾಯಾದ. ಸಾಧನೆ ಫಲಿಸಿತು, ದೇಹದ ಹಂಗು ಹರಿಯಿತು ಎಂದುಕೊಂಡು ಹೊಳೆಯ ದಂಡೆಯಲ್ಲಿದ್ದ ಅಜ್ಜಾರ ಬಳಿಗೆ ಓಡಿದ. ಓಡಿದ ಅಂದೆ, ನಿಜಕ್ಕೂ ಕಾಲೆಳೆದುಕೊಂಡು ಹೋದ. ಅದೂ ಅವನ ಗಮನಕ್ಕೆ ಬಂದಿರಲಿಲ್ಲ.

ಅವನು ಹೇಳಿದ್ದನ್ನೆಲ್ಲ ಅಜ್ಜಾರು ಕೇಳಿಸಿಕೊಂಡರು. ಆಮೇಲೆ ಎದ್ದು, ಅವನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಜಾಲಿಯ ಗಿಡದ ಹತ್ತಿರ ಬಗ್ಗಿ ಏನನ್ನೋ ಎತ್ತಿಕೊಂಡು ಬಂದರು. ಒಂದು ಚಪ್ಪಲಿ.

"ಇದು ಯಾರದಪಾ?"

ಫಕೀರೇಶ ಕೆಳಗೆ ನೋಡಿದ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು. ಜಾಲಿಯ ಮುಳ್ಳು ಹೊಕ್ಕು ರಕ್ತ ಸುರಿಯುತ್ತಿತ್ತು. ಚಪ್ಪಲಿ ಕಳಚಿದ್ದು ಗೊತ್ತಾಗಿರಲಿಲ್ಲ, ಮುಳ್ಳು ಚುಚ್ಚಿದ್ದೂ ಗೊತ್ತಾಗಿರಲಿಲ್ಲ. ಅವನ ಜೀವ ಝಲ್ಲೆಂದಿತು.

"ನೋವು ಹೋಗಿಲ್ಲೋ ತಮ್ಮಾ," ಎಂದರು ಅಜ್ಜಾರು. "ಕಾಲು ಹೊಂಟೈತಿ."

ಅವತ್ತೇ ಜೀಪು ತರಿಸಿ ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಬೆನ್ನುಮೂಳೆಯ ಹತ್ತಿರ ನರ ಒತ್ತಿಕೊಂಡಿದೆ, ಕಾಲಿನ ಶಕ್ತಿ ಇನ್ನಷ್ಟು ಇಳಿದರೆ ಆಪರೇಷನ್ನೇ ಗತಿ, ಅಲ್ಲಿಯವರೆಗೆ ವಾರವಾರವೂ ಬಂದು ತೋರಿಸಬೇಕು ಎಂದು ಡಾಕ್ಟರು ಹೇಳಿದರು. ವ್ಯಾಯಾಮ ಕಲಿಸಲು ರೋಹಿಣಿ ಎಂಬ ಫಿಸಿಯೋಥೆರಪಿ ಹೆಣ್ಣುಮಗಳಿಗೆ ಒಪ್ಪಿಸಿದರು. ಅಲ್ಲಿ ಎಲ್ಲರೂ ಅವರನ್ನು ಬಾಯಾರು ಅನ್ನುತ್ತಿದ್ದರು.

ಬಾಯಾರು ಬೋರಲು ಮಲಗಿಸಿ ಮೊಣಕೈ ಊರಿಸಿ ಎದೆ ಎತ್ತಿಸಿದರು. ಕುರ್ಚಿಯ ಮೇಲೆ ಕೂರಿಸಿ, ಮೊಣಕಾಲನ್ನು ಮೆಲ್ಲಗೆ ನೀಡಿ ಮೆಲ್ಲಗೆ ಮಡಿಸುವುದನ್ನು ಕಲಿಸಿದರು. ಸೊಂಟ ಮುಂದಕ್ಕೆ ಬಗ್ಗಿಸಬಾರದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ನಡೆಯಬೇಕು. ಉರಿ ಪಾದ ಬಿಟ್ಟು ಸೊಂಟದ ಕಡೆಗೆ ಸರಿದರೆ ಒಳ್ಳೆಯ ಲಕ್ಷಣ. ಮೊಣಕಾಲು ದಾಟಿ ಕೆಳಗಿಳಿಯತೊಡಗಿದರೆ ತಕ್ಷಣ ಎದ್ದುಬಿಡಬೇಕು.

ಫಕೀರೇಶನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಹತ್ತು ಸಲ ಅಂದಿದ್ದನ್ನು ನಲವತ್ತು ಸಲ ಮಾಡಿದ. ಎರಡು ದಿನ ಹಾಸಿಗೆ ಹಿಡಿದ. ಔಷಧಿ ಅಂತ ಬಾಟಲಿ ಪೂರ್ತಿ ಕುಡಿದುಬಿಡುತ್ತೀರೇನು ಎಂದು ಬಾಯಾರು ಚೆನ್ನಾಗಿ ಬೈದರು. ಆಮೇಲೆ ಸ್ವಲ್ಪ ಹಾದಿಗೆ ಬಂದ.

ಭಾದ್ರಪದ ಕಳೆಯುವಾಗ ಪಾದಕ್ಕೆ ನೆಲದ ತಂಪು ಗೊತ್ತಾಯಿತು. ಹಿಂದೆಯೇ ಉರಿಯೂ ಬಂತು. ನರಕ್ಕೆ ಜೀವ ಬರುತ್ತಿದೆ ಎಂದು ಬಾಯಾರು ಸಂತೋಷಪಟ್ಟರು. ಇವನಿಗೆ ಮಾತ್ರ ದಿಗಿಲು. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಬಾಯಾರು ಏಳು ಅನ್ನುತ್ತಾರೆ, ಕಟ್ಟಳೆ ಏಳಬೇಡ ಅನ್ನುತ್ತದೆ, ನಾನು ಯಾರ ಮಾತು ಕೇಳಲಿ ಎಂದು ಅಜ್ಜಾರ ಬೆನ್ನು ಬಿದ್ದ. ಬೆಳಿಗ್ಗೆ ಕೇಳಿದ, ಸಂಜೆ ಕೇಳಿದ, ಊಟದ ಪಂಕ್ತಿಯಲ್ಲೂ ಕೇಳಿದ.

ಅಜ್ಜಾರು ರೊಟ್ಟಿ ಮುರಿಯುತ್ತಾ ಅವನ ಎಡಗಾಲನ್ನೇ ನೋಡಿದರು.

"ಅದು ನನ್ನ ಕಾಲೇನೋ?"

ಅಷ್ಟೇ. ಫಕೀರೇಶನಿಗೆ ಅಳು ಬಂತು, ಸಿಟ್ಟೂ ಬಂತು.

ಹುಣ್ಣಿಮೆಯ ದಿನ ಎಂಟು ಜನ ಕೂತರು. ಅರ್ಧ ತಾಸು ಅವನು ಹೇಗೋ ತಡೆದ. ಆಮೇಲೆ ಉರಿ ಸೊಂಟದಿಂದ ತೊಡೆಗೆ ಇಳಿಯಿತು. ಉಳಿದವರು ಕಲ್ಲಿನ ಹಾಗೆ ಕೂತಿದ್ದರು. ಇನ್ನೊಂದಿಷ್ಟು ಹೊತ್ತು ಹಲ್ಲು ಕಚ್ಚಿದರೆ ಕಾಲು ಮತ್ತೆ ಸುಮ್ಮನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸುಮ್ಮನಾದರೆ ಕೂರಬಹುದು, ದೀಕ್ಷೆಯೂ ಸಿಗುತ್ತದೆ. ಆಸೆ ಕೈಹಿಡಿದು ಎಳೆಯಿತು.

ಉರಿ ಮೊಣಕಾಲು ದಾಟಿತು.

ಫಕೀರೇಶ ಎದ್ದ. ಯಾರ ಮುಖವನ್ನೂ ನೋಡದೆ ಹೊರಗೆ ಬಂದು ಹೊಳೆಯ ದಂಡೆ ಹಿಡಿದು ನಡೆಯತೊಡಗಿದ. ಹನ್ನೆರಡು ತಿಂಗಳು ಮತ್ತೆ ಹೋಯಿತಲ್ಲ ಎಂದು ದುಃಖವಾಯಿತು. ಅತ್ತ. ಆದರೂ ನಿಲ್ಲದೆ ನಡೆದ.

ಹಿಂದೆ ಪಾದುಕೆಯ ಸಪ್ಪಳ ಕೇಳಿಸಿತು. ತಿರುಗಿದರೆ ಅಜ್ಜಾರು. ಏಳು ಜನರನ್ನು ಅಲ್ಲೇ ಕೂರಿಸಿ ಇವನ ಹಿಂದೆ ಬಂದಿದ್ದರು.

"ಯಾಕ ಎದ್ದಿ?"

"ಕಾಲು ಏಳು ಅಂತು, ಅಜ್ಜಾರ."

"ಹೋದ ವರ್ಷನೂ ಎದ್ದಿದ್ದಿಯಲ್ಲ?"

ಫಕೀರೇಶ ಕಣ್ಣೊರೆಸಿಕೊಂಡ. "ಆವಾಗ ತಾಳಲಾರದೆ ಎದ್ದಿದ್ದೆ. ಇವತ್ತು ತಾಳಬಹುದಿತ್ತು. ಕೇಳಿಸ್ಕೊಂಡು ಎದ್ದೀನಿ. ಮುಂದಿನ ವರ್ಷ ಮತ್ತ ಕೂರತೀನಿ."

ಅಜ್ಜಾರು ಅವನನ್ನು ಹತ್ತಿರ ಕರೆದರು, ಮಂತ್ರ ಹೇಳುವಾಗ ಕರೆಯುವ ಹಾಗೆಯೇ. ಫಕೀರೇಶ ಶಿಷ್ಯರ ರೂಢಿಯಂತೆ ಅವರ ಮುಂದೆ ಸೊಂಟ ಬಗ್ಗಿಸಹೊರಟ.

ಅಜ್ಜಾರು ಅವನ ಭುಜ ಹಿಡಿದು ನಿಲ್ಲಿಸಿದರು.

"ಬಾಗಬ್ಯಾಡೋ. ನಾನೇ ಹತ್ತಿರ ಬರ್ತೀನಿ, ಕಿವಿ ಕೊಡು."