ಮೂರು ಹಾಡಿನ ಬೆಟ್ಟ

"ದುಡಿಯುವ ಮೈಗೆ ಬೀಡಿ ಏನು ಮಾಡೀತು ಗುರುಗಳೇ?" ಎಂದು ಜವರಯ್ಯ ಕೇಳಿದ.

ಜವರಯ್ಯ ಪೇಟೆಯ ಮಂಡಿಯಲ್ಲಿ ಹಮಾಲಿ. ಮಠದ ದಾಸೋಹಕ್ಕೆ ರಾಗಿ ಮೂಟೆ ಹೊತ್ತು ತಂದಿದ್ದ. ಮಠಕ್ಕೆ ಇಪ್ಪತ್ತೆಂಟು ಮೆಟ್ಟಿಲು. ಅವನು ಬಾಗಿಲಿಗೆ ಬಂದಾಗ ಗುರುಗಳು, "ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದ್ದರು. ಅವನು ಮೂಟೆ ಇಳಿಸಿ, ಕಂಬಕ್ಕೆ ಕೈ ಕೊಟ್ಟು, ತಾಳಿ ಎಂದು ಬೆರಳೆತ್ತಿದ್ದ. "ಚೆನ್ನಾಗಿದ್ದಾರೆ" ಎಂಬ ಮಾತು ಬರುವ ಹೊತ್ತಿಗೆ ಗುರುಗಳು ಒಂದು ಬೊಗಸೆ ಅವರೆಕಾಯಿ ಸುಲಿದಿದ್ದರು.

"ಕೂತು ಉಣ್ಣೋರಿಗೆ ಹೊಗೆ ತಗಲುತ್ತೆ ಅನ್ನಿ, ಒಪ್ಪುತ್ತೇನೆ" ಎಂದ ಜವರಯ್ಯ. "ನಾನು ದಿನಕ್ಕೆ ನೂರು ಮೂಟೆ ಎತ್ತುತ್ತೇನೆ. ಸೇದಿದ್ದೆಲ್ಲ ಬೆವರಲ್ಲಿ ಇಳಿದುಹೋಗುತ್ತೆ. ಬೇಕಾದರೆ ನನ್ನ ರಟ್ಟೆ ನೋಡಿ."

"ರಟ್ಟೆ ಚೆನ್ನಾಗಿದೆ" ಎಂದರು ಗುರುಗಳು. "ಕೂತುಕೋ. ಕಾಯಿ ಸುಲಿಯುತ್ತಾ ಒಂದು ಕತೆ ಕೇಳು."

ಒಂದು ಬೆಟ್ಟ. ಅದಕ್ಕೆ ಒಂಬೈನೂರು ಮೆಟ್ಟಿಲು. ಮೇಲೆ ಒಂದು ಗುಡಿ. ಹತ್ತಲಾರದ ಮುದುಕರನ್ನು, ಕಾಲು ಸೋತವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತೊಯ್ಯುವ ಆಳುಗಳು ಬೆಟ್ಟದ ಬುಡದಲ್ಲಿದ್ದರು. ಒಂದು ಡೋಲಿಗೆ ನಾಲ್ಕು ಜನ. ಮುಂದಿನ ಬಲಗಡೆಯವನೇ ಯಜಮಾನ. ಅವನು ನಡೆದರೆ ಡೋಲಿ ನಡೆಯಬೇಕು, ಅವನು ನಿಂತರೆ ಡೋಲಿ ನಿಲ್ಲಬೇಕು.

ಆ ಆಳುಗಳಿಗೆ ಮೈಲಿಯ ಲೆಕ್ಕ ಇರಲಿಲ್ಲ. ದಾರಿಯನ್ನು ಬೀಡಿಯಲ್ಲಿ ಅಳೆಯುತ್ತಿದ್ದರು. ಸುಸ್ತಾದ ಕಡೆ ಡೋಲಿ ಇಳಿಸುವುದು, ಒಂದು ಬೀಡಿ ಸೇದುವುದು, ಮತ್ತೆ ಎತ್ತುವುದು. "ಗುಡಿ ಇನ್ನೆಷ್ಟು ದೂರ?" ಎಂದು ಒಳಗಿದ್ದವರು ಕೇಳಿದರೆ, "ಇನ್ನೊಂದೇ ಬೀಡಿ ತಾಯೀ" ಎನ್ನುತ್ತಿದ್ದರು. ಅಪ್ಪಂದಿರ ಕಾಲದಿಂದ ಅದು ಮೂರು ಬೀಡಿಯ ಬೆಟ್ಟ.

ಗೂಳಯ್ಯ ಎಂಬವನು ಒಬ್ಬ ಯಜಮಾನ. ಹೆಸರಿಗೆ ತಕ್ಕ ಹೆಗಲು. ಇಪ್ಪತ್ತರಲ್ಲಿ ಡೋಲಿಗೆ ಹೆಗಲು ಕೊಟ್ಟಾಗ ಮೂರು ಬೀಡಿಗೆ ಗುಡಿ ಮುಟ್ಟುತ್ತಿದ್ದ. ಮೂವತ್ತಕ್ಕೆ ಅದು ಐದಾಯಿತು. ನಲವತ್ತಕ್ಕೆ ಏಳಾಯಿತು. ಅವನು ತನ್ನ ತೊಡೆ ನೋಡಿಕೊಂಡ, ಒರಳಿನ ಹಾಗಿತ್ತು. ರಟ್ಟೆ ನೋಡಿಕೊಂಡ, ಒನಕೆಯ ಹಾಗಿತ್ತು. ತುಂಬ ಯೋಚನೆ ಮಾಡಿ, ಎಲ್ಲರನ್ನೂ ಹುಣಸೆ ಮರದ ಕೆಳಗೆ ಕರೆದ.

"ನನ್ನ ಮೈ ಅದೇ ಇದೆ. ಡೋಲಿ ಅದೇ ಇದೆ. ಮೂರು ಬೀಡಿ ಇದ್ದದ್ದು ಏಳಾಯಿತು. ಅಂದಮೇಲೆ ಬೆಟ್ಟ ಬೆಳೀತಾ ಇದೆ" ಎಂದ.

ಎಲ್ಲರಿಗೂ ಹೌದು ಅನ್ನಿಸಿತು. ಮಳೆಗೆ ಬುಡದ ಮಣ್ಣು ಕೊಚ್ಚಿಹೋಗಿ ಬೆಟ್ಟ ಎತ್ತರ ಕಾಣುತ್ತಿರಬೇಕು ಎಂದ ಒಬ್ಬ. ದೇವರಿರುವ ಬೆಟ್ಟ, ಬೆಳೆಯದೆ ಬಿಟ್ಟೀತೇ ಎಂದ ಇನ್ನೊಬ್ಬ. ಡೋಲಿಯ ಹಿಂದೆ ಹೊರುವ ದೊಳ್ಳಯ್ಯ ಮಾತ್ರ ತಲೆ ಅಲ್ಲಾಡಿಸಿದ.

"ಬೆಟ್ಟ ಅಲ್ಲ ಕಣ್ರೋ. ಬೀಡಿ ಗಿಡ್ಡ ಆಗಿದೆ. ಕಟ್ಟೋರು ಎಲೆ ಉಳಿಸ್ತಾ ಇದ್ದಾರೆ."

ಗೂಳಯ್ಯ ಕಿವಿಯ ಮೇಲಿದ್ದ ಬೀಡಿ ತೆಗೆದು ಬೆರಳಿಗಿಟ್ಟು ಅಳೆದ. ಬೀಡಿ ಗಿಡ್ಡ ಆಗಿರಲಿಲ್ಲ. ಬೆಟ್ಟವೇ ಬೆಳೆದಿದೆ ಎಂದು ತೀರ್ಮಾನವಾಯಿತು. ತೀರ್ಮಾನವಾದ ಸಮಾಧಾನಕ್ಕೆ ಎಲ್ಲರೂ ಒಂದೊಂದು ಹಚ್ಚಿದರು.

ಗೂಳಯ್ಯನಿಗೆ ಒಬ್ಬಳು ತಾಯಿ. ಮೂವತ್ತು ವರ್ಷ ಅವಳು ಬುಡದ ಬಾವಿಯಿಂದ ಮೇಲಿನ ಗುಡಿಗೆ ದೇವರ ನೀರು ಹೊತ್ತವಳು. ತಲೆಯ ಮೇಲೊಂದು ಬಿಂದಿಗೆ, ಕಂಕುಳಲ್ಲೊಂದು. ಬಾಯಲ್ಲಿ ಹಾಡು. ಬುಡದಿಂದ ದಾರಿಯ ದೊಡ್ಡ ಬಂಡೆಯವರೆಗೆ ರಾಗಿ ಬೀಸುವ ಹಾಡು. ಬಂಡೆಯಿಂದ ನಡುಮಂಟಪದವರೆಗೆ ಸೋಬಾನೆ. ಅಲ್ಲಿಂದ ಗುಡಿಯ ಬಾಗಿಲಿನವರೆಗೆ ದೇವರ ಹಾಡು. ಅವಳ ಲೆಕ್ಕದಲ್ಲಿ ಅದು ಮೂರು ಹಾಡಿನ ಬೆಟ್ಟ. ಮಂಡಿ ಕೈಕೊಟ್ಟ ಮೇಲೆ ಎಂಟು ವರ್ಷದಿಂದ ಅವಳು ಬೆಟ್ಟ ಹತ್ತಿರಲಿಲ್ಲ.

ಒಂದು ದಿನ ಅವಳು ಮಗನಿಗೆ ಹೇಳಿದಳು. "ಗೂಳಾ, ಊರಿನವರ ಅವ್ವಂದಿರನ್ನೆಲ್ಲ ಹೊತ್ತೆಯಲ್ಲಪ್ಪ. ನಿನ್ನ ಅವ್ವನ್ನ ಯಾವಾಗ ಹೊರುತ್ತೀಯ?"

"ಯಾವಾಗ ಬೇಕು ಹೇಳವ್ವ."

"ಸಂಕ್ರಾಂತಿಗೆ. ಅವತ್ತು ದೇವರಿಗೆ ಬೆಣ್ಣೆ ಅಲಂಕಾರ ಮಾಡಿ ಮಧ್ಯಾಹ್ನ ಮಂಗಳಾರತಿ ಎತ್ತುತ್ತಾರೆ. ಬೆಣ್ಣೆ ಕರಗೋ ಮೊದಲು ಬಾಗಿಲು ಹಾಕಿಬಿಡುತ್ತಾರೆ. ಮೂವತ್ತು ವರ್ಷ ಆ ಗುಡಿಗೆ ನೀರು ಹೊತ್ತೆ, ಒಂದು ಸಲವೂ ನೋಡಲಿಲ್ಲ. ನೀವೆಲ್ಲ ಹಸಿದು ಕೂತಿರುತ್ತಿದ್ದಿರಿ, ಬಿಂದಿಗೆ ಇಳಿಸಿ ಓಡಿ ಬರುತ್ತಿದ್ದೆ."

ಸಂಕ್ರಾಂತಿ ಬಂತು. ಗೂಳಯ್ಯ ಬೆಳಿಗ್ಗೆಯೇ ಡೋಲಿ ತಂದು ನಿಲ್ಲಿಸಿದ. "ಏಳು ಬೀಡಿ ದೂರ ಅವ್ವ, ಬೇಗ ಕೂತುಕೋ" ಎಂದ.

"ನಿನ್ನ ಬೀಡಿ ಲೆಕ್ಕ ನನಗೆ ತಿಳಿಯಲ್ಲ. ಮೂರು ಹಾಡು ತಾನೆ?" ಎಂದಳು ತಾಯಿ. ನಿಧಾನವಾಗಿ ತಲೆ ಬಾಚಿದಳು. ಹೂ ಮುಡಿದಳು. ಬೀದಿಯ ನಾಲ್ಕು ಮನೆಗೆ ಹೋಗಿ, ನನ್ನ ಮಗ ನನ್ನನ್ನು ಹೊರುತ್ತಾನೆ ಎಂದು ಹೇಳಿ ಬಂದಳು. ಮಂಗಳಾರತಿಗೆ ಸರಿಯಾಗಿ ಮೂರು ಹಾಡಿನ ಹೊತ್ತು ಉಳಿದಾಗ ಡೋಲಿಯಲ್ಲಿ ಕೂತಳು.

ಅವಳು ಬೀಸುವ ಹಾಡು ಎತ್ತಿಕೊಂಡಳು. ಹಾಡು ಮುಗಿಯಿತು, ಬಂಡೆ ಬರಲಿಲ್ಲ. ಡೋಲಿ ಕೆಳಗಿತ್ತು, ಮಗ ಸೇದುತ್ತಿದ್ದ. ಸೋಬಾನೆ ಎತ್ತಿಕೊಂಡಳು. ಅದು ಮುಗಿಯಿತು, ಆಗ ಬಂಡೆ ಬಂತು. ದೇವರ ಹಾಡು ನಡುಮಂಟಪ ಮುಟ್ಟುವ ಮೊದಲೇ ಮುಗಿಯಿತು. ಆಗಲೇ ಮೇಲಿನಿಂದ ಮಂಗಳಾರತಿಯ ಗಂಟೆಯ ಸದ್ದು ಕೇಳಿಸಿತು.

ಅವರು ಹೋದಾಗ ಬಾಗಿಲು ಹಾಕಿತ್ತು. ಪೂಜಾರಿ ಒಂದು ಎಲೆಯಲ್ಲಿ ಬೆಣ್ಣೆ ಪ್ರಸಾದ ತಂದುಕೊಟ್ಟ. ಮುದುಕಿ ಬೆರಳಲ್ಲಿ ತೆಗೆದು ನೆಕ್ಕಿದಳು.

"ಬೆಣ್ಣೆ ಚೆನ್ನಾಗಿದೆ" ಎಂದಳು. "ಹಚ್ಚಿಕೊಂಡವನನ್ನು ನೋಡಲಿಲ್ಲ, ಅಷ್ಟೇ."

ಗೂಳಯ್ಯ ಮುಖದ ಬೆವರು ಒರಸಿಕೊಂಡ. "ನನ್ನ ತಪ್ಪಲ್ಲ ಅವ್ವ. ಬೆಟ್ಟ ಬೆಳೆದಿದೆ."

ಅಷ್ಟರಲ್ಲಿ ಈಗ ನೀರು ಹೊರುವ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ತಲೆಯ ಮೇಲೊಂದು ಬಿಂದಿಗೆ, ಕಂಕುಳಲ್ಲೊಂದು. ಬಾಯಲ್ಲಿ ದೇವರ ಹಾಡಿನ ಕೊನೆಯ ಸಾಲು. ಹಾಡುವುದನ್ನು ಅವಳು ಮುದುಕಿಯಿಂದಲೇ ಕಲಿತಿದ್ದಳು.

"ಎಷ್ಟು ಹಾಡಾಯಿತೇ?" ಎಂದು ಮುದುಕಿ ಕೇಳಿದಳು.

"ಮೂರೇ ಅಜ್ಜೀ. ಯಾಕೆ?"

"ಏನಿಲ್ಲ ತಾಯಿ. ನನ್ನ ಮಗ ಹತ್ತಿದ ಬೆಟ್ಟವೇ ಬೇರೆಯಂತೆ."

ಡೋಲಿಯ ಮೂವರೂ ನಕ್ಕರು. ಗೂಳಯ್ಯ ನಗಲಿಲ್ಲ. ತಾಯಿ ಅವನ ಕಿವಿಯ ಮೇಲಿದ್ದ ಬೀಡಿಯನ್ನು ತೆಗೆದು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಬರೋ ಸಂಕ್ರಾಂತಿಗೆ ಮತ್ತೆ ಹೊರು. ಅಷ್ಟರಲ್ಲಿ ನನ್ನ ಮೂರು ಹಾಡು ಕಲಿ. ಕೂತು ಹಾಡೋದಲ್ಲ. ಹೊತ್ತುಕೊಂಡು ಹತ್ತುತ್ತಾ ಹಾಡಬೇಕು."

"ಅಲ್ಲಿವರೆಗೂ ನೀನು ಇರಬೇಕಲ್ಲವ್ವ?"

"ನನ್ನ ಉಸಿರಿನ ಚಿಂತೆ ನನಗಿರಲಿ. ನಿನ್ನದು ನೀನು ನೋಡಿಕೋ."

ಮಾರನೆಯ ದಿನ ಗೂಳಯ್ಯ ಒಬ್ಬ ದಪ್ಪ ವರ್ತಕನನ್ನು ಹೊತ್ತು ಹಾಡಲು ಶುರುಮಾಡಿದ. ಎರಡು ಸಾಲಿಗೆ ಕೆಮ್ಮು ಬಂತು. ಮೂರನೆಯ ಸಾಲಿಗೆ ಕಣ್ಣಲ್ಲಿ ನೀರು ಬಂತು. ವರ್ತಕ ಡೋಲಿಯಿಂದ ತಲೆ ಹೊರಗೆ ಹಾಕಿ, "ಹಾಡ್ತಾ ಇದ್ದೀಯೋ, ಅಳ್ತಾ ಇದ್ದೀಯೋ? ಇಳಿಸಪ್ಪ, ನಡೆದೇ ಬರುತ್ತೇನೆ" ಎಂದ.

ಡೋಲಿ ಇಳಿಸಿದ ಕಡೆ ಉಳಿದವರು ಬೀಡಿ ಹಚ್ಚಿದರು. ಗೂಳಯ್ಯನಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊಣಕಾಲ ಮೇಲಿಟ್ಟ, ತಲೆಯ ಮೇಲಿಟ್ಟ. ಇದನ್ನು ಕೇಳಿ ತಾಯಿ ಅವನ ಸೊಂಟಕ್ಕೆ ಹುರಿಗಡಲೆಯ ಗಂಟು ಕಟ್ಟಿ ಕಳಿಸಿದಳು.

ಅವಳು ಬುಡದ ಮನೆಯ ಜಗಲಿಯಲ್ಲಿ ಕೂತು ದಿನವೂ ಕಿವಿಗೊಡುತ್ತಿದ್ದಳು. ಹಾಡು ಎಲ್ಲಿ ಕಡಿಯಿತೆಂದು ಅವಳಿಗೆ ತಿಳಿಯುತ್ತಿತ್ತು. ಸಂಜೆ ಮಗ ಬಂದರೆ, "ಇವತ್ತು ಬೇವಿನ ಮರದ ತನಕ ಬಂತು" ಎನ್ನುವಳು. ಇನ್ನೊಂದು ದಿನ, "ಬಂಡೆ ದಾಟಿತಲ್ಲೋ!" ಎನ್ನುವಳು. ತಿರುವಿನಾಚೆ ಕೇಳಿಸದಿದ್ದರೆ, ಇಳಿದು ಬರುವವರನ್ನೇ ತಡೆದು, "ನನ್ನ ಮಗ ಎಲ್ಲಿ ತನಕ ಹಾಡಿದ?" ಎಂದು ಕೇಳುವಳು. ಒಂದು ದಿನ ಮಾತ್ರ ಹಾಡು ಹತ್ತನೆಯ ಮೆಟ್ಟಿಲಿಗೇ ನಿಂತುಹೋಯಿತು. ಸಂಜೆ ಅವಳು ಮಗನ ಮುಖ ನೋಡಲಿಲ್ಲ. "ಹುಣಸೆ ಮರದ ಹಿಂದೆ ಹಳೇ ನೆಂಟ ಸಿಕ್ಕಿದ್ದನೇನೋ?" ಎಂದಳು. ಗೂಳಯ್ಯ ಆಮೇಲೆ ಆ ನೆಂಟನ ಕಡೆ ಹೋಗಲಿಲ್ಲ.

ಯಜಮಾನ ನಿಲ್ಲದೆ ನಡೆದರೆ ಡೋಲಿ ನಿಲ್ಲುವಂತಿಲ್ಲ. ಉಳಿದವರು ಮೊದಲು ಬೈದರು. ಆಮೇಲೆ ಬೈಯುವುದಕ್ಕೂ ಉಸಿರು ಬೇಕಾಯಿತು. ಕೊನೆಗೆ ಇಬ್ಬರು ಅವನ ಹಾಡಿಗೆ ಸೊಲ್ಲು ಸೇರಿಸತೊಡಗಿದರು. ದೊಳ್ಳಯ್ಯ ಮಾತ್ರ, "ಹಾಡೋಕೆ ನಾನೇನು ಮದುವಣಗಿತ್ತಿಯಾ?" ಎಂದು ಡೋಲಿ ಬಿಟ್ಟು ಗುಡಿಗೆ ತೆಂಗಿನಕಾಯಿ ಹೊರಲು ಹೋದ. ಅವನ ಜಾಗಕ್ಕೆ ಇನ್ನೊಬ್ಬ ಬಂದ.

ಮತ್ತೆ ಸಂಕ್ರಾಂತಿ ಬಂತು. ತಾಯಿ ಇದ್ದಳು. ಮೊದಲಿನ ಹಾಗೆಯೇ ನಿಧಾನವಾಗಿ ತಲೆ ಬಾಚಿದಳು, ಹೂ ಮುಡಿದಳು, ನಾಲ್ಕು ಮನೆಗೆ ಹೇಳಿ ಬಂದಳು. ಮೂರು ಹಾಡಿನ ಹೊತ್ತು ಉಳಿದಾಗಲೇ ಕೂತಳು. ಗೂಳಯ್ಯ ಡೋಲಿ ಎತ್ತಿ ಬೀಸುವ ಹಾಡು ಶುರುಮಾಡಿದ. ಅದು ಮುಗಿಯುವಾಗ ಬಂಡೆ ಕಾಲ ಕೆಳಗಿತ್ತು. ಸೋಬಾನೆ ಮುಗಿಯುವಾಗ ನಡುಮಂಟಪದ ನೆರಳು ತಲೆಯ ಮೇಲಿತ್ತು. ಡೋಲಿಯನ್ನು ಎಲ್ಲೂ ಇಳಿಸಲಿಲ್ಲ. ಮೆಟ್ಟಿಲು ಕಡಿದಾದ ಕಡೆ ಉಸಿರು ಕಟ್ಟುವ ಹಾಗಾಯಿತು. ಆಗ ಒಳಗಿನಿಂದ ತಾಯಿಯೇ ಸೊಲ್ಲು ಕೊಟ್ಟಳು. ದೇವರ ಹಾಡಿನ ಕೊನೆಯ ಸಾಲಿಗೆ ಗುಡಿಯ ಬಾಗಿಲು ಬಂತು. ಬಾಗಿಲು ತೆರೆದಿತ್ತು. ಪೂಜಾರಿ ಆಗ ತಾನೇ ಗಂಟೆಯ ಹಗ್ಗಕ್ಕೆ ಕೈ ಹಾಕುತ್ತಿದ್ದ.

ಮುದುಕಿ ಬೆಣ್ಣೆಯ ದೇವರನ್ನು ನೋಡಿದಳು. ಬಾಗಿಲು ಹಾಕುವ ತನಕ ನೋಡಿದಳು. ಆಮೇಲೆ ಕಣ್ಣೊರಸಿಕೊಂಡು ಮಗನ ಕಡೆ ತಿರುಗಿದಳು.

"ಸೋಬಾನೆಯಲ್ಲಿ ಒಂದು ಸಾಲು ನುಂಗಿದೆ" ಎಂದಳು.

ಆ ಸಂಜೆ ಉಳಿದ ಡೋಲಿಯವರೆಲ್ಲ ಹುಣಸೆ ಮರದ ಕೆಳಗೆ ಸೇರಿದರು. ಗೂಳಯ್ಯನ ಅವ್ವನಿಗೆ ದೇವರು ಒಲಿದು ಬೆಟ್ಟ ತಗ್ಗಿದೆ ಎಂದು ಅವರಲ್ಲಿ ತೀರ್ಮಾನವಾಯಿತು. ದೊಳ್ಳಯ್ಯ ಅದಕ್ಕೂ ಒಪ್ಪಲಿಲ್ಲ. ಅವನಿಗೆ ಆಗಲೇ ಅದು ಒಂಬತ್ತು ಬೀಡಿಯ ಬೆಟ್ಟ.

ಕತೆ ಮುಗಿಯಿತು. ಮೊರದ ತುಂಬ ಅವರೆಕಾಳಾಗಿತ್ತು. ಜವರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ಕೆಮ್ಮಿದ, ಕೆಮ್ಮಿ ಎದೆ ಉಜ್ಜಿಕೊಂಡ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಅವನದು ಬೆಟ್ಟ, ನನ್ನದು ಮಂಡಿ. ನೆಲ ಚಪ್ಪಟೆ. ನನ್ನ ಮೈಗೆ ಏನೂ ಆಗಿಲ್ಲ."

"ಸಂತೋಷ" ಎಂದರು ಗುರುಗಳು. ಮೊರವನ್ನು ಪಕ್ಕಕ್ಕಿಟ್ಟರು. ಬಾಗಿಲ ಬಳಿ ರಾಗಿ ಮೂಟೆ ಇಳಿಸಿದ ಹಾಗೆಯೇ ಇತ್ತು. ಅಟ್ಟಕ್ಕೆ ಹನ್ನೆರಡು ಮೆಟ್ಟಿಲಿನ ಏಣಿ ಇತ್ತು.

"ಆ ಮೂಟೆಯನ್ನು ಅಟ್ಟಕ್ಕೆ ಹಾಕಿ ಬಾ, ಹತ್ತುತ್ತಾ ಒಂದೇ ಒಂದು ಹಾಡು ಹೇಳು, ಕೇಳುತ್ತೇನೆ."