ಕೊನೇ ಪಂಕ್ತಿಯ ಚಿಂಗವ್ವ

ಒಂದಾನೊಂದು ಕಾಲದಲ್ಲಿ, ಮನುಷ್ಯ ಅನ್ನೋ ಪ್ರಾಣಿ ಇನ್ನೂ ಹುಟ್ಟದೆ ಭೂಮಿ ನೆಮ್ಮದಿಯಾಗಿದ್ದ ಕಾಲದಲ್ಲಿ, ಮೂರು ಜನ ಅಣ್ಣತಮ್ಮಂದಿರಿದ್ದರಂತೆ. ನಿನ್ನ ಪುಸ್ತಕದಲ್ಲಿ ಡೈನೋಸಾರ್ ಇದ್ಯಲ್ಲ ನೀಲೂ, ಅವೇ. ಹಿರಿಯೋನು ಉದ್ದ ಕತ್ತಿನ ಗೋಣಪ್ಪ, ನಡುವಿನೋನು ಕೊಂಬಪ್ಪ, ಕಿರಿಯೋನು ಹಲ್ಲಪ್ಪ. ಅವರ ಕಾಲಡಿ ಬಿಲದಲ್ಲಿ ಚಿಂಗವ್ವ ಅನ್ನೋ ಸೊಂಡಿಲಿ ಮೂರು ಮರಿ ಕಟ್ಟಿಕೊಂಡು ಇದ್ದಳಂತೆ.

ಊಟಕ್ಕೊಂದು ಪದ್ಧತಿ, ದೊಡ್ಡೋರದೇ ಮೊದಲ ಪಂಕ್ತಿ. ಅವರಿಗೆ ಎಳೇ ಚಿಗುರು. ಹಲ್ಲಪ್ಪ ಏನು ತಿಂತಿದ್ದ ಅಂತ ಕೇಳಬೇಡ, ಮಲಗೋ ಹೊತ್ತು. ಚಿಂಗವ್ವಂದು ಕೊನೇ ಪಂಕ್ತಿ, ಉಳಿಯೋದು ಬಿದ್ದ ಬೀಜ, ಹುಳ, ಕೊಳೆತ ತೊಗಟೆ. ನಮಗ್ಯಾಕವ್ವಾ ಚಿಗುರಿಲ್ಲ ಅಂತ ಮರಿಗಳು ಅತ್ತರೆ ಅವಳಿಗೂ ಹೊಟ್ಟೆ ಉರೀತಿತ್ತಂತೆ.

ಆಮೇಲೆ ಒಂದಿನ ಬೆಟ್ಟ ಬಾಯಿಬಿಟ್ಟು ಬೆಂಕಿ, ಹೊಗೆ ಉಗುಳ್ತಂತೆ. ಅಣ್ಣಾ, ಏನೋ ಗ್ರಹಚಾರ ಕಾಣ್ತಿದೆ ಅಂತ ಚಿಂಗವ್ವ ಅಂದ್ರೆ, ಗೋಣಪ್ಪ ಮೂಸಿ ನೋಡಿ, ಯಾರೋ ಒಲೆ ಹಚ್ಚಿದಾರೆ, ಭಾರಿ ಊಟಾನೇ ಇರಬೇಕು ಅಂತ ಹೋಗಿ ಮೊದಲ ಪಂಕ್ತೀಲಿ ಕೂತನಂತೆ. ಆಮೇಲೆ ಹುಳಿ ಮಳೆ ಸುರಿದು ಚಿಗುರೆಲ್ಲ ಕರಕಲಾಯ್ತಂತೆ. ಸಾರು ಉಕ್ಕಿರಬೇಕು, ಇನ್ನೇನು ಬಡಿಸ್ತಾರೆ ಅಂದನಂತೆ ಕೊಂಬಪ್ಪ. ಆಮೇಲೆ ಆಕಾಶದಿಂದ ಬೆಟ್ಟದಷ್ಟು ದೊಡ್ಡ ಕಲ್ಲು ಧಡಾರ್ ಅಂತ ಬಿದ್ದು, ಧೂಳೆದ್ದು ಸೂರ್ಯನೇ ಮುಚ್ಚಿಹೋದನಂತೆ. ಹಲ್ಲಪ್ಪ ಏನಂದ ಗೊತ್ತಾ? ದೀಪ ಆರೋಯ್ತು, ಬಡಿಸೋರು ಎಲ್ಲಿ ಹಾಳಾಗಿ ಹೋದ್ರು ಅಂದನಂತೆ!

ಬನ್ನಿ ಅಣ್ಣಾ, ಬೀಜ ಇದೆ, ತಿನ್ನಿ ಅಂತ ಚಿಂಗವ್ವ ಗೋಗರೆದಳಂತೆ. ಛೀ, ಕೊನೇ ಪಂಕ್ತಿ ಊಟ ನಾವು ಉಣ್ಣೋದಾ ಅಂತ ಮೂವರೂ ಮೂಗು ಮುರಿದರಂತೆ. ಜಂಬದಿಂದ ಹೊಟ್ಟೆ ತುಂಬುತ್ತೇನೇ? ಕೂತಲ್ಲೇ ಒಬ್ಬೊಬ್ಬರಾಗಿ ಒರಗಿಬಿಟ್ಟರಂತೆ, ಪಾಪ. ಚಿಂಗವ್ವ ಮಾತ್ರ ಬಿಲದೊಳಗೆ ಮರಿಗಳನ್ನ ಅವಚಿಕೊಂಡು, ಬೀಜ ಕಡೀತಾ ಹುಳ ಹೆಕ್ಕುತಾ ಜೀವ ಹಿಡಿದಳಂತೆ.

ಆಮೇಲೆ ಧೂಳು ಇಳೀತು, ಸೂರ್ಯ ಬಂದ, ಹಸಿರು ಜರೀಗಿಡ ಎದ್ದಿತಂತೆ. ಮರಿಗಳು ಓಡಿದ್ರೆ, ತಾಳ್ರೋ, ದೊಡ್ಡೋರು ಮೊದಲು ಕೂತ್ಕೊಳ್ಲಿ ಅಂತ ತಡೆದಳಂತೆ. ಕಾದಳಂತೆ, ಕಾದಳಂತೆ. ಯಾರೂ ಬರಲಿಲ್ಲ. ಅವಳಿಗೆ ಅಳು ಬಂತಂತೆ. ಜಂಬಗಾರರೇ ಆದ್ರೂ, ಇದ್ದೋರು ಇಲ್ಲ ಅಂದ್ರೆ ಸಂಕಟ ಆಗಲ್ವಾ? ಆಮೇಲೆ ಮೂಗು ಒರೆಸಿಕೊಂಡು, ಕೂತ್ಕೊಳ್ರೋ, ಇನ್ಮೇಲೆ ದೊಡ್ಡೋರು ನಾವೇ ಅಂದಳಂತೆ. ಮರಿಗಳು ಹೊಟ್ಟೆ ಬಿರಿಯ ತಿಂದು, ಬೆಳೆದು, ಮಕ್ಕಳು ಮೊಮ್ಮಕ್ಕಳಾಗಿ ಸುಖವಾಗಿದ್ದರಂತೆ. ಅವರ ಮರಿಮಕ್ಕಳ ಮರಿಮಕ್ಕಳೇ ಕಣೇ ನಾನೂ ನೀನೂ. ಕತೆ ಮುಗೀತು, ಕಂಬಳಿ ಎಳ್ಕೋ.