ಗಾಣದೆತ್ತಿಗೆ ಹೊಲ ಕಂಡದ್ದು

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಣ ಸುತ್ತುತ್ತಿದ್ದ ಎತ್ತು, ಗೋಡೆಯ ಮೇಲೆ ಕೂತ ಗೊರವಂಕವನ್ನು ದಿನವೂ ಕೇಳುತ್ತಿತ್ತು: "ತಂಗೀ, ಹೊಲ ಹೇಗಿದೆ?"

"ರಮಣೀಯ! ಮನೋಹರ! ಬಣ್ಣಿಸಲು ಮಾತೇ ಸಾಲದು!"

"ಬೇಸಗೆಯಲ್ಲೂ ಹಾಗೇ ಅಂದಿದ್ದೆಯಲ್ಲ," ಎಂದಿತು ಎತ್ತು.

ಅಷ್ಟರಲ್ಲಿ ಹೊಲದಿಂದ ಬಂದ ಕಾಗೆ ಒರಟು ದನಿಯಲ್ಲಿ ಹೇಳಿತು: "ಅಣ್ಣಾ, ಜೋಳ ಹಾಲುಗಾಳಾಗಿದೆ. ಕುಕ್ಕಿದರೆ ಪಿಚಕ್ಕನೆ ಸಿಹಿಹಾಲು ಬಾಯಿಗೆ ಚಿಮ್ಮುತ್ತದೆ. ಎಲೆಯ ಅಂಚು ತಾಗಿದರೆ ಮಾತ್ರ ಚರ್ರನೆ ಕೊಯ್ಯುತ್ತದೆ."

ಎತ್ತು ನಿಂತುಬಿಟ್ಟಿತು. ಮೂಗರಳಿತು, ಬಾಯಿಂದ ಜೊಲ್ಲಿಳಿಯಿತು. "ಕಂಡೆ ಕಣಪ್ಪಾ, ಕಂಡೆ!"

ಆಮೇಲೆ ಗೊರವಂಕದ ಕಡೆ ಮೂತಿ ತಿರುಗಿಸಿ ಮರುಕದಿಂದ ಕೇಳಿತು: "ನಿನ್ನ ಕಣ್ಣಿಗೂ ಬಟ್ಟೆ ಕಟ್ಟಿದ್ದಾರೇನು, ತಂಗೀ?"

ಇಷ್ಟು ದಿನವೂ ಹೊಲಕ್ಕೆ ಬೆನ್ನು ಹಾಕಿಯೇ ಕೂತಿದ್ದ ಗೊರವಂಕ ರೆಕ್ಕೆಯೊಳಗೆ ಮುಖ ಹುದುಗಿಸಿತು.